ಒಂಬತ್ತು ಡಿಗ್ರಿಯ ಆಚೆಗೊಂದು ಊರು

ಲಕ್ಷದ್ವೀಪ ಅಂದ ಕೂಡಲೇ ನಮ್ಮವರ ಕಣ್ಣಮುಂದೆ ಬರುವುದು ಅಗತ್ತಿಯ ವಿಮಾನ ನಿಲ್ದಾಣ, ಬಂಗಾರಂನ ಬಿಳಿ ಮರಳು. ಆ ಚಿತ್ರದಲ್ಲಿ ಮಿನಿಕಾಯ್‌ಗೆ ಜಾಗವಿಲ್ಲ. ನಕಾಶೆಯಲ್ಲೂ ಅದು ಉಳಿದ ದ್ವೀಪಗಳ ಗುಂಪಿಗೆ ಸೇರದೆ ತೀರಾ ದಕ್ಷಿಣಕ್ಕೆ ಒಂಟಿಯಾಗಿ ಕೂತಿದೆ. ನಡುವೆ ಸುಮಾರು 200 ಕಿ.ಮೀ. ಆಳ ನೀರು. ನಾವಿಕರು ಅದನ್ನು ಒಂಬತ್ತು ಡಿಗ್ರಿ ಕಾಲುವೆ ಅನ್ನುತ್ತಾರೆ. ಕಾಲುವೆ ಎಂಬುದು ಹೆಸರಿಗೆ ಮಾತ್ರ, ಆಚೆ ದಡ ಕಾಣಲು ಒಂದು ರಾತ್ರಿ ಬೇಕು. ಮಿನಿಕಾಯ್‌ನಿಂದ ಮತ್ತೂ ದಕ್ಷಿಣಕ್ಕೆ ಎಂಟು ಡಿಗ್ರಿ ಕಾಲುವೆ ದಾಟಿದರೆ ಮಾಲ್ಡೀವ್ಸ್. ಅಂದರೆ ಈ ಊರಿನವರಿಗೆ ತಮ್ಮದೇ ರಾಜಧಾನಿ ಕವರತ್ತಿಗಿಂತ ಪರದೇಶ ಹತ್ತಿರ! ಇಲ್ಲಿ ವಿಮಾನ ಇಳಿಯುವುದಿಲ್ಲ. ಕಾಯಿಲೆ ಜೋರಾದವರನ್ನು ಎತ್ತಿಕೊಂಡು ಹೋಗಲು ಹೆಲಿಕಾಪ್ಟರ್ ಬರುತ್ತದೆ. ಮಿಕ್ಕ ಎಲ್ಲರಿಗೂ ಎಲ್ಲದಕ್ಕೂ ಸಮುದ್ರವೇ ದಾರಿ.

ಕೊಚ್ಚಿಯಿಂದ ಮಿನಿಕಾಯ್ ಸುಮಾರು 400 ಕಿ.ಮೀ. ವಿಲಿಂಗ್ಡನ್ ದ್ವೀಪದ ದಕ್ಕೆಯಲ್ಲಿ ಹಡಗು ಹತ್ತುವವರ ಸಾಮಾನು ನೋಡಿದರೇ ಸಾಕು, ದ್ವೀಪದ ಬದುಕು ಅರ್ಧ ಅರ್ಥವಾಗುತ್ತದೆ. ಈರುಳ್ಳಿ ಮೂಟೆ, ಮೊಟ್ಟೆಯ ತಟ್ಟೆಗಳು, ಹೊಸ ಮಿಕ್ಸಿಯ ಡಬ್ಬ, ಮದುವೆಗೆಂದು ಕೊಂಡ ಬಟ್ಟೆಯ ಗಂಟು, ಆಸ್ಪತ್ರೆಯ ಎಕ್ಸ್‌ರೇ ಇರುವ ಉದ್ದ ಲಕೋಟೆ. ದ್ವೀಪದಲ್ಲಿ ಧಾರಾಳವಾಗಿ ಸಿಗುವುದು ತೆಂಗು ಮತ್ತು ಮೀನು. ಅಕ್ಕಿಯಿಂದ ಹಿಡಿದು ಸಿಮೆಂಟಿನವರೆಗೆ ಬಾಕಿ ಎಲ್ಲವೂ ತೇಲಿಕೊಂಡೇ ಬರಬೇಕು. ಡೆಕ್ಕಿನ ಮೇಲೆ ನನ್ನ ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗಿ ಅಲೆಗಳ ಕಡೆ ತಿರುಗಿಯೂ ನೋಡದೆ ಪರೀಕ್ಷೆಗೆ ಓದುತ್ತಿದ್ದಳು. ನಾನೋ ಹಡಗಿನ ಬಲಕ್ಕೊಮ್ಮೆ ಎಡಕ್ಕೊಮ್ಮೆ ಓಡಾಡಿ, ಹಾರುಮೀನುಗಳು ನೀರಿನಿಂದ ಚಿಮ್ಮಿ ರೆಕ್ಕೆ ಬಿಚ್ಚಿ ತೇಲುತ್ತಾ ಹೋಗುವುದನ್ನು ಬಾಯಿಬಿಟ್ಟು ನೋಡುತ್ತಿದ್ದೆ. ಆಕೆಗೆ ಅದು ಬಸ್ ಪ್ರಯಾಣ.

ಮಿನಿಕಾಯ್ ಸಮುದ್ರಮಟ್ಟದಿಂದ ಮೇಲೆದ್ದಿರುವುದೇ ಕೆಲವು ಅಡಿ. ಹಾಗಾಗಿ ದೂರದಿಂದ ನೆಲ ಕಾಣುವುದಿಲ್ಲ. ಮೊದಲು ಕಾಣುವುದು ಬಿಳಿಯ ದೀಪಸ್ತಂಭ, ಆಮೇಲೆ ನೀರಿನಿಂದಲೇ ಹುಟ್ಟಿದಂತೆ ತೆಂಗಿನ ತಲೆಗಳು, ಕಡೆಗೆ ಅವುಗಳ ಬುಡದ ಒಂದೆಳೆ ಮರಳು. ದೀಪಸ್ತಂಭ 1885ರದು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಯುರೋಪಿನಿಂದ ಕೊಲಂಬೊ, ಸಿಂಗಾಪುರದ ಕಡೆ ಹೋಗುವ ಹಡಗುಗಳೆಲ್ಲ ಈ ದಾರಿ ಹಿಡಿದವು. ಕತ್ತಲಲ್ಲಿ ಇಷ್ಟು ತಗ್ಗಿನ ದ್ವೀಪ ಕಾಣದೆ ಹವಳದ ದಿಬ್ಬಕ್ಕೆ ಬಡಿದರೆ ಗತಿಯಿಲ್ಲ. ಬ್ರಿಟಿಷರು ದೀಪ ಹಚ್ಚಿದ್ದು ತಮ್ಮ ಹಡಗುಗಳಿಗಾಗಿ. ಇಂದಿಗೂ ಅದೇ ದಾರಿಯಲ್ಲಿ ತೈಲದ ಹಡಗುಗಳು, ಕಂಟೇನರ್ ಹಡಗುಗಳು ಸಾಲಾಗಿ ಹೋಗುತ್ತವೆ. ಇಲ್ಲಿ ನಿಲ್ಲುವುದಿಲ್ಲ.

ದೀಪಸ್ತಂಭದ ಸುರುಳಿ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಮೇಲಿನ ಕಟಕಟೆಗೆ ಬಂದು ನಿಂತರೆ ಇಡೀ ಊರು ಒಂದೇ ನೋಟಕ್ಕೆ ಸಿಗುತ್ತದೆ. ಉದ್ದ ಹತ್ತು ಕಿ.ಮೀ. ಮೀರಿದರೂ ವಿಸ್ತೀರ್ಣ ಐದು ಚದರ ಕಿ.ಮೀ. ಮುಟ್ಟದು, ಅಷ್ಟು ಸಪೂರ, ಅಷ್ಟು ಬಾಗು. ಪೂರ್ವದ ದಂಡೆಯಲ್ಲಿ ತೆರೆದ ಕಡಲು ನೇರವಾಗಿ ಬಂದು ಬಡಿಯುತ್ತದೆ. ಪಶ್ಚಿಮದಲ್ಲಿ ಹವಳದ ಗೋಡೆಯೊಳಗೆ ಸುಮಾರು 30 ಚದರ ಕಿ.ಮೀ. ಲಗೂನು, ಅಂದರೆ ನೆಲಕ್ಕಿಂತ ಆರು ಪಟ್ಟು ದೊಡ್ಡದಾದ ತಿಳಿನೀರಿನ ಅಂಗಳ. ಗೋಡೆಯ ಆಚೆ ಕಡುನೀಲಿ, ಗೋಡೆಯ ಮೇಲೆ ನೊರೆಯ ಬಿಳಿ ಗೆರೆ, ಒಳಗೆ ಹೆಸರಿಡಲಾಗದ ಹಸಿರು. ಆ ಬಣ್ಣಕ್ಕೆ ಬೆರಗಾಗದವರು ಯಾರೂ ಇರಲಿಕ್ಕಿಲ್ಲ. ಆದರೆ ಅದು ಬರೀ ಚಂದಕ್ಕಿರುವ ನೀರಲ್ಲ, ಊರಿನ ಉಗ್ರಾಣ. ಅದು ನನಗೆ ತಿಳಿದದ್ದು ಮಾರನೆಯ ಬೆಳಗ್ಗೆ.

ಹತ್ತು ಸಾವಿರದಷ್ಟು ಜನರಿರುವ ಈ ದ್ವೀಪದಲ್ಲಿ ಹನ್ನೊಂದು ಹಳ್ಳಿಗಳಿವೆ. ಬಡಾ, ಔಮಗು, ರಮ್ಮೆಡು, ಸೆಡಿವಲು, ಕುಡೆಹಿ ಎಂದು ಹೆಸರು. ನಮ್ಮ ಲೆಕ್ಕದಲ್ಲಿ ಇವು ಕೇರಿಗಳು, ಒಂದಕ್ಕೊಂದು ಅಂಟಿಕೊಂಡೇ ಇವೆ. ಆದರೆ ಗಡಿ ಎಲ್ಲಿದೆ ಎಂದು ಪುಟ್ಟ ಮಕ್ಕಳಿಗೂ ಗೊತ್ತು. ಪ್ರತಿ ಹಳ್ಳಿಗೂ ಗಂಡಸರ ಪರವಾಗಿ ಒಬ್ಬ ಬೊಡುಕಾಕಾ, ಹೆಂಗಸರ ಪರವಾಗಿ ಒಬ್ಬಳು ಬೊಡುದಾತಾ. ಪ್ರತಿ ಹಳ್ಳಿಗೂ ಒಂದು ಊರಮನೆ. ದೋಣಿಯನ್ನು ದಡಕ್ಕೆ ಎಳೆಯಬೇಕೆ, ಮದುವೆಗೆ ಅಡುಗೆ ಆಗಬೇಕೆ, ದಾರಿ ಗುಡಿಸಬೇಕೆ, ತೀರ್ಮಾನ ಅಲ್ಲಿ. ಮರಳಿನ ಓಣಿಗಳಲ್ಲಿ ಒಂದು ಒಣಗಿದ ಗರಿಯೂ ಬಿದ್ದಿರಲಿಲ್ಲ. ಬೆಳಗ್ಗೆ ಹೆಂಗಸರು ಗುಂಪಾಗಿ ಗುಡಿಸುವುದನ್ನು ಕಂಡಾಗ, ನಮ್ಮೂರಿನ ಗುತ್ತಿಗೆದಾರರ ಕಸದ ಲಾರಿ ನೆನಪಾಗಿ ಮುಜುಗರವಾಯಿತು. ಬೀದಿನಾಯಿಗಳಿಲ್ಲ, ರಾತ್ರಿ ಕೇಳುವುದು ಅಲೆ ಮತ್ತು ಡೀಸೆಲ್ ಜನರೇಟರ್ ಎರಡೇ.

ಇಲ್ಲಿಯ ಮಾತು ಮಹಲ್. ಉಳಿದ ಲಕ್ಷದ್ವೀಪದವರ ಮಲಯಾಳದಂಥ ನುಡಿಗೂ ಇದಕ್ಕೂ ಸಂಬಂಧವಿಲ್ಲ. ಇದು ಮಾಲ್ಡೀವ್ಸ್‌ನ ದಿವೇಹಿಯ ಒಡಹುಟ್ಟು. ಬರೆಯುವ ಲಿಪಿ ತಾನಾ, ಬಲದಿಂದ ಎಡಕ್ಕೆ. ಅದರ ಮೊದಲ ಒಂಬತ್ತು ಅಕ್ಷರಗಳು ಅರಬ್ಬಿ ಅಂಕಿಗಳಿಂದ ಹುಟ್ಟಿದವು, ನಂತರದ ಒಂಬತ್ತು ಹಳೆಯ ಭಾರತೀಯ ಅಂಕಿಗಳಿಂದ. ಲೆಕ್ಕದ ಅಂಕಿಗಳನ್ನೇ ಅಕ್ಷರ ಮಾಡಿಕೊಂಡ ಲಿಪಿ ಬೇರೆ ಎಲ್ಲಾದರೂ ಉಂಟೋ ಇಲ್ಲವೋ, ನಾನಂತೂ ಕಂಡಿಲ್ಲ.

ನಾನು ಉಳಿದುಕೊಂಡ ಮನೆಯ ಹಿರಿಯರು ನಿವೃತ್ತ ನಾವಿಕರು. ಊರಿನವರು ಕರೆಯುವಂತೆ ನಾನೂ ಕಾಕಾ ಎಂದೇ ಕರೆದೆ. ಅವರ ಹಿಂದಿ ನನ್ನದಕ್ಕಿಂತ ಚೆನ್ನಾಗಿತ್ತು.

“ಎಲ್ಲಿಂದ ಬಂದಿರಿ?”

“ಮಂಗಳೂರು, ಕಾಕಾ.”

“ಪಣಂಬೂರಾ? ಬಂದಿದ್ದೇನೆ. ಕುದುರೆಮುಖದ ಅದಿರು ತುಂಬಿಸಿಕೊಳ್ಳಲು. ಕೆಂಪು ಮಣ್ಣಿನ ಗುಡ್ಡಗಳು ನಿಮ್ಮದು.”

ರಾಟರ್‌ಡ್ಯಾಮ್, ಯೊಕೊಹಾಮಾ, ಸಾಂತೋಸ್ ಎಲ್ಲವನ್ನೂ ಅವರು ಪಕ್ಕದ ಸಂತೆಯ ಹಾಗೆ ಹೇಳುತ್ತಿದ್ದರು. ಮಿನಿಕಾಯ್‌ನ ಗಂಡಸರು ತಲೆಮಾರುಗಳಿಂದ ಕೋಲ್ಕತ್ತ, ಮುಂಬೈ ಬಂದರುಗಳಿಂದ ಹೊರಡುವ ಹಡಗುಗಳಲ್ಲಿ ದುಡಿಯುತ್ತಾ ಬಂದವರು. ಹೀಗೆ ಜಗತ್ತೆಲ್ಲ ಸುತ್ತಿದ ಗಂಡಸರು ಇರುವ ಈ ಊರಿಗೆ ಜಗತ್ತು ಮಾತ್ರ ವಾರಕ್ಕಿಷ್ಟು ಹಡಗಿನ ಲೆಕ್ಕದಲ್ಲಿ ಬರುತ್ತದೆ. ಗಂಡ ತಿಂಗಳುಗಟ್ಟಲೆ ಕಡಲಲ್ಲಿದ್ದರೆ ಮನೆ ನಡೆಸುವವರು ಯಾರು? ಹೆಂಗಸರು. ಮನೆ ತಾಯಿಯ ಕಡೆಯದು. ಮದುವೆಯಾದ ಗಂಡು ಹೆಂಡತಿಯ ಮನೆಗೆ ಬರುತ್ತಾನೆ. ನಮ್ಮ ಕರಾವಳಿಯ ಅಳಿಯಕಟ್ಟು ಬಲ್ಲವರಿಗೆ ಇದು ತೀರಾ ಹೊಸತೇನಲ್ಲ. ಆದರೆ ನಮ್ಮಲ್ಲಿ ಅದು ಕಾಗದಪತ್ರದ ನೆನಪಾಗಿದೆ, ಇಲ್ಲಿ ಅಡುಗೆಮನೆಯ ದನಿಯಲ್ಲಿ ಕೇಳಿಸುತ್ತದೆ. ಕಾಕಾ ನನಗೆ ಇನ್ನೊಂದು ಲೋಟ ಚಹಾ ಬೇಕೆಂದು ಒಳಗೆ ಕೂಗಿದರು. “ಈಗ ತಾನೇ ಕುಡಿದರಲ್ಲ” ಎಂಬ ಅರ್ಥದ ಉತ್ತರ ಬಂತು. ಕಾಕಾ ಸುಮ್ಮನಾದರು.

ನಾನು ಬಂದದ್ದು ಮೀನು ಹಿಡಿಯುವುದನ್ನು ನೋಡಲು. ಮಿನಿಕಾಯ್ ಬದುಕುವುದು ಟ್ಯೂನಾ ಮೀನಿನಿಂದ, ನಮ್ಮ ದಕ್ಕೆಗಳಲ್ಲಿ ಕೇದರ ಅನ್ನುತ್ತಾರಲ್ಲ, ಅದರಿಂದ. ಮಲ್ಪೆ, ಮಂಗಳೂರಿನ ದಕ್ಕೆಯಲ್ಲಿ ಪರ್ಸೀನ್ ಬೋಟು ಖಾಲಿ ಮಾಡುವುದನ್ನು ಕಂಡವನು ನಾನು. ಒಂದೇ ಬಲೆಗೆ ಟನ್ನುಗಟ್ಟಲೆ ಬರುವುದೇ ಮೀನುಗಾರಿಕೆ ಎಂದು ಕಣ್ಣಿಗೆ ರೂಢಿಯಾಗಿದೆ. ಇಲ್ಲಿ ಟ್ಯೂನಾಕ್ಕೆ ಬಲೆಯೇ ಇಲ್ಲ. ಒಂದು ಕೋಲು, ಒಂದು ದಾರ, ಒಂದು ಗಾಳ, ಒಂದು ಮೀನು.

ಬೆಳಕು ಸರಿಯಾಗಿ ಹರಿಯುವ ಮೊದಲೇ ದೋಣಿ ಹೊರಟಿತು. ಹೊರಟದ್ದು ಕಡಲಿಗಲ್ಲ, ಲಗೂನಿನೊಳಕ್ಕೆ. ಹವಳದ ಗುಂಪುಗಳ ಪಕ್ಕದಲ್ಲಿ ಎಂಜಿನ್ ನಿಲ್ಲಿಸಿ, ಈಜುಗನ್ನಡಕ ಹಾಕಿದ ಇಬ್ಬರು ಹುಡುಗರು ನೀರಿಗಿಳಿದರು. ಸಣ್ಣ ಕಣ್ಣಿನ ಬಲೆಯೊಂದನ್ನು ನೀರಿನಡಿ ಹರಡಿ, ಕಿರುಮೀನುಗಳನ್ನು ಮೆಲ್ಲಗೆ ಅದರ ಮೇಲೆ ಸೇರಿಸಿ, ನಾಲ್ಕೂ ಮೂಲೆ ಎತ್ತಿದರು. ಬಲೆಯೊಳಗೆ ಬೆರಳುದ್ದದ, ಪಾರದರ್ಶಕ ಮೈಯ, ಬೆಳ್ಳಿ ಗೆರೆಯ ಸಾವಿರಾರು ಮೀನುಗಳು. ಹೊಂದೆಲಿ ಎಂದರು. ಇವು ತಿನ್ನಲಿಕ್ಕಲ್ಲ, ಎರೆಗೆ. ಜೀವಂತವಾಗಿಯೇ ಇರಬೇಕು, ಸತ್ತರೆ ಕೆಲಸಕ್ಕೆ ಬಾರವು. ಆದ್ದರಿಂದ ಅವುಗಳನ್ನು ಕೈಯಿಂದ ಮುಟ್ಟದೆ, ನೀರಿನ ಸಮೇತ ಮೊಗೆದು ದೋಣಿಯ ಹೊಟ್ಟೆಯಲ್ಲಿರುವ ತೊಟ್ಟಿಗೆ ಸುರಿದರು. ಆ ತೊಟ್ಟಿಯ ತಳದಲ್ಲಿ ತೂತುಗಳಿವೆ! ದೋಣಿಯ ತಳಕ್ಕೆ ಬೇಕೆಂದೇ ತೂತು ಕೊರೆದು ಸಮುದ್ರವನ್ನು ಒಳಕ್ಕೆ ಬಿಟ್ಟುಕೊಳ್ಳುವವರನ್ನು ನಾನು ಮೊದಲ ಬಾರಿ ನೋಡಿದ್ದು. ಹೊಸ ನೀರು ಬರುತ್ತಿದ್ದರೆ ಮಾತ್ರ ಎರೆಮೀನು ಉಸಿರಾಡುತ್ತದೆ. ಹೆಚ್ಚಾದ ನೀರು ಹೊರಹೋಗಲು ಬೇರೆ ವ್ಯವಸ್ಥೆ. ಕೆಲಸ ಮುಗಿದ ಮೇಲೆ ತೂತಿಗೆ ಬಿರಡೆ. ಇಂಜಿನಿಯರಿಂಗ್ ಕಾಲೇಜಿನ ಮುಖ ನೋಡದವರು ಕಂಡುಕೊಂಡ ಉಪಾಯ.

ಹವಳದ ಗೋಡೆಯ ಸಂದಿಯಿಂದ ಹೊರಬಿದ್ದ ಮೇಲೆ ಎಲ್ಲರ ಕಣ್ಣೂ ಆಕಾಶದ ಕಡೆ. ಮೀನು ನೀರಲ್ಲಿದ್ದರೂ ಹುಡುಕುವುದು ಮೇಲೆ. ಕಡಲಹಕ್ಕಿಗಳು ಒಂದು ಕಡೆ ಗುಂಪುಗೂಡಿ ಎರಗುತ್ತಿದ್ದರೆ ಕೆಳಗೆ ಟ್ಯೂನಾ ಹಿಂಡಿದೆ ಎಂದರ್ಥ. ತುಂಬ ಹೊತ್ತು ಏನೂ ಇರಲಿಲ್ಲ. ನನ್ನ ಹೊಟ್ಟೆ ತೊಳಸಲು ಶುರುವಾಗಿತ್ತು. ಆಗ ಮುಂಭಾಗದಲ್ಲಿ ನಿಂತವನು ಒಂದು ಶಬ್ದ ಕೂಗಿದ, ಎಂಜಿನ್ನಿನ ದನಿ ಬದಲಾಯಿತು.

ಮುಂದಿನದನ್ನು ನಿಧಾನವಾಗಿ ಹೇಳಬೇಕು, ನಡೆದದ್ದು ಮಾತ್ರ ಕಣ್ಣು ಮಿಟುಕಿಸುವುದರೊಳಗೆ. ಒಬ್ಬ ತೊಟ್ಟಿಯಿಂದ ಹಿಡಿಹಿಡಿ ಹೊಂದೆಲಿ ಮೊಗೆದು ನೀರಿಗೆಸೆದ. ಇನ್ನೊಬ್ಬ ದೋಣಿಯ ಹಿಂದೆ ನೀರು ಚಿಮುಕಿಸತೊಡಗಿದ. ಮೇಲ್ಮೈಯೆಲ್ಲ ಮಳೆ ಬಿದ್ದಂತೆ ಗುಳುಗುಳು. ಕೆಳಗಿನ ಟ್ಯೂನಾಕ್ಕೆ ಅದು ಕಿರುಮೀನುಗಳ ದೊಡ್ಡ ಹಿಂಡಿನ ಓಡಾಟ, ಮೇಲಿರುವ ಮನುಷ್ಯರೂ ದೋಣಿಯೂ ಮರೆ. ಹಿಂಬದಿಯ ಅಗಲ ಹಲಗೆಯ ಮೇಲೆ ಕೋಲು ಹಿಡಿದವರು ಸಾಲಾಗಿ ನಿಂತರು. ಗಾಳಕ್ಕೆ ಎರೆ ಕಟ್ಟಿರಲಿಲ್ಲ. ಗಾಳವೇ ಕಿರುಮೀನಿನಂತೆ ಹೊಳೆಯುತ್ತದೆ. ಅದಕ್ಕೆ ಮರುಮುಳ್ಳೂ ಇಲ್ಲ. ಟ್ಯೂನಾ ಕಚ್ಚಿತೋ, ಒಂದೇ ಎಳೆತ. ಎರಡು ಮೂರು ಕಿಲೋ ತೂಗುವ ಮೀನು ನೀರಿನಿಂದ ಮೇಲೆದ್ದು, ಹಿಡಿದವನ ತಲೆಯ ಮೇಲಿಂದ ಹಾರಿ, ದಾರ ಸಡಿಲಾದ ಕ್ಷಣ ತಾನಾಗಿಯೇ ಗಾಳ ಕಳಚಿಕೊಂಡು ಹಲಗೆಗೆ ಬೀಳುತ್ತದೆ. ಹಂಚಿನ ಮಾಡಿನ ಮೇಲೆ ತೆಂಗಿನಕಾಯಿ ಬಿದ್ದಂಥ ಸದ್ದು. ಹಿಡಿದವನು ಹಿಂತಿರುಗಿ ನೋಡುವುದೇ ಇಲ್ಲ, ಗಾಳ ಆಗಲೇ ಮತ್ತೆ ನೀರಿನಲ್ಲಿ. ಒಂದರ ಹಿಂದೊಂದು, ಎಡದಿಂದ ಬಲದಿಂದ, ನೀಲಿ ಬೆನ್ನಿನ, ಹೊಟ್ಟೆಯುದ್ದಕ್ಕೂ ಕಪ್ಪು ಗೆರೆಯ ಮೀನುಗಳ ಮಳೆ. ನಾನು ತಲೆ ತಗ್ಗಿಸಿಕೊಂಡು ಮೂಲೆಗೆ ಒತ್ತರಿಸಿ ಕೂತೆ. ಹೊಟ್ಟೆ ತೊಳಸುವುದು ಯಾವಾಗ ನಿಂತಿತೋ ತಿಳಿಯಲಿಲ್ಲ. ಹಾಗೆ ಶುರುವಾದಂತೆಯೇ ಇದ್ದಕ್ಕಿದ್ದ ಹಾಗೆ ಎಲ್ಲ ನಿಂತಿತು. ಹಿಂಡು ಆಳಕ್ಕೆ ಇಳಿದಿತ್ತು. ಯಾರೂ ಅದನ್ನು ಬೆನ್ನಟ್ಟಲಿಲ್ಲ.

ಹೀಗೆ ಹಿಡಿದರೆ ಬೇಕಾದ ಮೀನು ಮಾತ್ರ ಬರುತ್ತದೆ. ಆಮೆ ಸಿಕ್ಕಿಕೊಳ್ಳುವುದಿಲ್ಲ, ಮರಿಗಳ ರಾಶಿ ಸಾಯುವುದಿಲ್ಲ. ಈ ವಿದ್ಯೆ ಮಿನಿಕಾಯ್‌ನದು. ಲಕ್ಷದ್ವೀಪದ ಬೇರೆ ದ್ವೀಪಗಳು ಇದನ್ನು ಕಲಿತದ್ದು 1960ರ ದಶಕದಿಂದೀಚೆಗೆ, ಯಂತ್ರದ ದೋಣಿಗಳು ಬಂದ ಮೇಲೆ. ಪಾಲು ಹಂಚುವಾಗ ದೋಣಿಗೊಂದು ಭಾಗ, ಉಳಿದದ್ದು ಕೆಲಸಕ್ಕೆ ತಕ್ಕಂತೆ. ಗಾಳ ಹಿಡಿದವನಷ್ಟೇ ಎರೆ ಹಿಡಿದವನಿಗೂ ಬೆಲೆಯಿದೆ. ಇರಲೇಬೇಕು. ಹೊಂದೆಲಿ ಸಿಗದ ದಿನ ಆಚೆ ಎಷ್ಟೇ ಟ್ಯೂನಾ ಇದ್ದರೂ ದೋಣಿ ಹೊರಡುವುದಿಲ್ಲ.

ದಡದ ಕೆಲಸ ಹೆಂಗಸರು ಗಂಡಸರು ಸೇರಿ ಮಾಡುವಂಥದ್ದು. ತಲೆ, ಕರುಳು ತೆಗೆದು ಮೀನನ್ನು ಉದ್ದಕ್ಕೆ ನಾಲ್ಕು ಹೋಳು ಮಾಡುತ್ತಾರೆ. ಉಪ್ಪುನೀರಿನಲ್ಲಿ ಬೇಯಿಸಿ, ತೆಂಗಿನ ಸಿಪ್ಪೆಯ ಹೊಗೆಯ ಮೇಲಿಟ್ಟು, ಆಮೇಲೆ ದಿನಗಟ್ಟಲೆ ಬಿಸಿಲಿಗೆ ಹಾಕುತ್ತಾರೆ. ಕೊನೆಗೆ ಸಿಗುವ ಮಾಸ್‌ಮಿನ್ ಕಪ್ಪಗೆ, ಮರದ ತುಂಡಿನಷ್ಟೇ ಗಟ್ಟಿ. ಒಂದಕ್ಕೊಂದು ಬಡಿದರೆ ಟಣ್ ಎನ್ನುತ್ತದೆ. ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಕೆಡದು. ಹದಿನಾಲ್ಕನೆಯ ಶತಮಾನದಲ್ಲಿ ಮಾಲ್ಡೀವ್ಸ್‌ನಲ್ಲಿ ಖಾಜಿಯಾಗಿದ್ದ ಇಬ್ನ್ ಬತೂತಾ ಈ ಹೊಗೆಮೀನಿನ ಬಗ್ಗೆ, ಅದು ದೂರದೇಶಗಳಿಗೆ ಹೋಗುತ್ತಿದ್ದ ಬಗ್ಗೆ ಬರೆದಿದ್ದಾನೆ. ಬೇಯಿಸಿದ ನೀರನ್ನೂ ಚೆಲ್ಲುವುದಿಲ್ಲ. ಅದನ್ನು ಕುದಿಸಿ ಕುದಿಸಿ ಇಂಗಿಸಿದರೆ ಕಂದು ಬಣ್ಣದ ಮಂದ ಪಾಕ, ರಿಹಾಕುರು. ಅನ್ನದ ಅಂಚಿನಲ್ಲಿ ಉಗುರಿನಷ್ಟು ಹಾಕಿದರು. ಇಡೀ ಸಮುದ್ರ ನಾಲಿಗೆಗೆ ಬಂತು. ಎರಡನೆಯ ಸಲ ನಾನೇ ಕೇಳಿ ಹಾಕಿಸಿಕೊಂಡೆ.

ಮಂಗಳೂರಿಗೂ ಲಕ್ಷದ್ವೀಪಕ್ಕೂ ಇರುವ ನಂಟು ಹಳೆಯದು, ನಮ್ಮಲ್ಲಿ ಮರೆತವರೇ ಹೆಚ್ಚು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಯ ಕತ್ತದ ಹುರಿ ಮಂಗಳೂರಿಗೆ ಬರುತ್ತಿತ್ತು, ಇಲ್ಲಿಂದ ಅಕ್ಕಿ ಹೋಗುತ್ತಿತ್ತು. ಇಂದಿಗೂ ಮಂಗಳೂರಿನ ಹಳೆ ಬಂದರಿನಿಂದ ಮಂಜಿ ಎಂಬ ಸರಕು ದೋಣಿಗಳು ಜಲ್ಲಿ, ತರಕಾರಿ, ದಿನಸಿ ತುಂಬಿಕೊಂಡು ಆ ದ್ವೀಪಗಳಿಗೆ ಹೊರಡುತ್ತವೆ. ಮಿನಿಕಾಯ್‌ನ ದಾರಿ ಬೇರೆ; ಅದು ಕಣ್ಣೂರಿನ ಅಲಿ ರಾಜರ ಕೈಯಲ್ಲಿದ್ದು, ಆಮೇಲೆ ಬ್ರಿಟಿಷರ ಮಲಬಾರಿಗೆ ಸೇರಿತು. ಮಾಲ್ಡೀವ್ಸ್‌ನೊಂದಿಗಿನ ಕಡಲ ಗಡಿ ಕಾಗದದ ಮೇಲೆ ಇತ್ಯರ್ಥವಾದದ್ದು 1976ರ ಒಪ್ಪಂದದಲ್ಲಿ. ಒಂದೇ ಭಾಷೆಯ ಎರಡು ದಡಗಳ ನಡುವೆ ಅಂದಿನಿಂದ ದೇಶದ ಗೆರೆ.

ಹೊಸ ಅಚ್ಚರಿಗಳೂ ಇವೆ. ನಾಲ್ಕು ದಿಕ್ಕಿಗೂ ನೀರಿರುವ ಊರಿಗೆ ಕುಡಿಯುವ ನೀರೇ ಕಷ್ಟ. ಬಾವಿಯ ಸಿಹಿನೀರು ಉಪ್ಪುನೀರಿನ ಮೇಲೆ ತೆಳುವಾಗಿ ತೇಲುತ್ತಿರುತ್ತದೆ, ಜಾಸ್ತಿ ಎಳೆದರೆ ಉಪ್ಪೇರುತ್ತದೆ. 2011ರಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಇಲ್ಲೊಂದು ಸ್ಥಾವರ ಕಟ್ಟಿದರು. ಮೇಲ್ಮೈಯ ಬೆಚ್ಚಗಿನ ಕಡಲನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ, ನೂರಾರು ಮೀಟರ್ ಆಳದಿಂದ ಪೈಪಿನಲ್ಲಿ ಎತ್ತಿದ ತಣ್ಣೀರಿನಿಂದ ಆ ಆವಿಯನ್ನು ತಂಪು ಮಾಡಿ ಸಿಹಿನೀರು ತೆಗೆಯುತ್ತಾರೆ. ದಿನಕ್ಕೆ ಒಂದು ಲಕ್ಷ ಲೀಟರ್ ಸಾಮರ್ಥ್ಯ. ಆಳ ಕಡಲು ದಡಕ್ಕೆ ಇಷ್ಟು ಹತ್ತಿರವಿರುವುದರಿಂದಲೇ ಇದು ಸಾಧ್ಯ. 2024ರ ಜನವರಿಯಲ್ಲಿ ಕೊಚ್ಚಿಯಿಂದ ಕಡಲ ತಳದ ಕೇಬಲ್ ಬಂದು ಇಂಟರ್ನೆಟ್ಟೂ ಚುರುಕಾಯಿತು. ಹಡಗಿನ ಹುಡುಗಿ ಅದರಲ್ಲೇ ತರಗತಿ ಕೇಳುತ್ತಾಳಂತೆ. ಟಿಕೆಟ್ ಸಿಗದೆ ಕೊಚ್ಚಿಯಲ್ಲಿ ದಿನಗಟ್ಟಲೆ ಕಾಯುವುದು ಮಾತ್ರ ತಪ್ಪಿಲ್ಲ ಅಂದಳು.

ಆದರೆ ನನಗೆ ಮತ್ತೆ ಮತ್ತೆ ಯೋಚನೆಯಾಗುವುದು ಹೊಂದೆಲಿಯದು. ಕಡಲು ತೀರಾ ಬಿಸಿಯಾದಾಗ ಹವಳ ಬಿಳಿಚಿಕೊಳ್ಳುತ್ತದೆ. 1998ರಲ್ಲಿ, 2010ರಲ್ಲಿ, 2016ರಲ್ಲಿ ಲಕ್ಷದ್ವೀಪದ ಹವಳಕ್ಕೆ ಈ ಪೆಟ್ಟು ಬಿದ್ದಿತ್ತು, 2024ರಲ್ಲಿ ಮತ್ತೆ ಬಿತ್ತು. ಲಗೂನಿನ ಕಿರುಮೀನುಗಳ ಬದುಕು ಆ ಹವಳಕ್ಕೆ ಅಂಟಿಕೊಂಡದ್ದು. “ಮೊದಲು ದೋಣಿ ನಿಲ್ಲಿಸಿದಲ್ಲೇ ಎರೆ ಸಿಗುತ್ತಿತ್ತು, ಈಗ ಹುಡುಕಬೇಕು” ಎಂದು ಬಲೆ ಎತ್ತಿದ ಹುಡುಗ ಹೇಳಿದ. ಮಿನಿಕಾಯ್‌ನ ಮೀನುಗಾರರು ಟ್ಯೂನಾವನ್ನು ಖಾಲಿ ಮಾಡಿದವರಲ್ಲ, ಕಡಲನ್ನು ಬಿಸಿ ಮಾಡಿದವರೂ ಅಲ್ಲ. ಬಿಲ್ಲು ಮಾತ್ರ ಅವರ ಹೆಸರಿಗೆ ಬರುತ್ತಿದೆ. ಇದು ಅನ್ಯಾಯ, ಬೇರೆ ಪದ ನನಗೆ ಹೊಳೆಯುವುದಿಲ್ಲ.

ಹೋಗುವ ಮನಸ್ಸಿದ್ದವರಿಗೆ: ಪ್ರವೇಶ ಪರವಾನಗಿ ಇಲ್ಲದೆ ಹಡಗು ಹತ್ತಲಾಗದು, ಅದನ್ನು ಮೊದಲೇ ಮಾಡಿಸಿಕೊಳ್ಳಿ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಕಡಲು ಶಾಂತ, ಟ್ಯೂನಾ ದೋಣಿಗಳು ಹೊರಡುವ ಕಾಲವೂ ಅದೇ. ಮಳೆಗಾಲದಲ್ಲಿ ದೋಣಿಗಳು ದಡದ ಮೇಲಿರುತ್ತವೆ. ಹಿಂತಿರುಗುವ ತಾರೀಖಿನ ಬಗ್ಗೆ ಹಟ ಬೇಡ, ಒಂದೆರಡು ದಿನ ಕೈಯಲ್ಲಿಟ್ಟುಕೊಂಡು ಹೋಗಿ. ಲಗೂನಿನಲ್ಲಿ ಈಜುವಾಗ ಹವಳದ ಮೇಲೆ ಕಾಲಿಡಬೇಡಿ. ನಿಮ್ಮ ಪ್ಲಾಸ್ಟಿಕ್ ಬಾಟಲಿಗಳನ್ನು ಕೊಚ್ಚಿಗೇ ವಾಪಸು ತನ್ನಿ; ಐದು ಚದರ ಕಿ.ಮೀ. ಊರಿನಲ್ಲಿ ಅದನ್ನು ಎಸೆಯಲು ಬೇರೆ ಜಾಗವಿಲ್ಲ.